ಬೆಳ್ಳುಳ್ಳಿ ಕಿತ್ತ ಪಾತಿ ಖಾಲಿ ಇದೆ. ಈಗ ಜುಲೈನಲ್ಲಿ ಏನು ಬಿತ್ತಿದರೆ ಅಕ್ಟೋಬರ್‌ಗೆ ಸಿಗುತ್ತದೆ?

ಹಾಸನದವಳು
ಜುಲೈ 8

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ. ಹಿತ್ತಲಲ್ಲಿ ನಾಲ್ಕಡಿ ಅಗಲ, ಎಂಟಡಿ ಉದ್ದದ ಮೂರು ಪಾತಿ ಇವೆ, ಸುತ್ತ ಹಲಗೆ ಹೊಡೆದಿದ್ದೇವೆ. ಒಂದರಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ. ಅವು ಚೆನ್ನಾಗಿವೆ. ಇನ್ನೊಂದರಲ್ಲಿ ಹೋದ ಅಕ್ಟೋಬರ್‌ನಲ್ಲಿ ಊರಿದ್ದ ಬೆಳ್ಳುಳ್ಳಿಯನ್ನು ಮೊನ್ನೆ ಕಿತ್ತು ಗ್ಯಾರೇಜಿನಲ್ಲಿ ಕಟ್ಟು ಕಟ್ಟಿ ನೇತುಹಾಕಿದೆ. ಮೂರನೆಯದರಲ್ಲಿ ಬಟಾಣಿ ಇತ್ತು. ಜೂನ್ ಕೊನೆಯ ಬಿಸಿಲಿಗೆ ಬಳ್ಳಿ ಒಣಗಿಹೋಯಿತು. ಈಗ ಎರಡು ಪಾತಿ ಬರೀ ಮಣ್ಣು.

ಇಲ್ಲಿ ಬೇಸಿಗೆ ನಡುವೆ ಎರಡನೇ ಸಲ ಬಿತ್ತಿ, ಚಳಿ ಬರುವ ಮುಂಚೆ ಕೊಯ್ಯಬಹುದು ಅಂತ ಎಲ್ಲರೂ ಹೇಳುತ್ತಾರೆ. ಹೋದ ವರ್ಷ ನಾನೂ ಮಾಡಿದೆ, ಆದರೆ ಏನೂ ಕೈಗೆ ಸಿಗಲಿಲ್ಲ. ಆಗಸ್ಟ್ 25ಕ್ಕೆ ಹೂಕೋಸಿನ ಬೀಜ ಹಾಕಿದೆ. ನವೆಂಬರ್‌ವರೆಗೂ ಎಲೆ ಬಿಟ್ಟಿತು, ಹೂವು ಕಟ್ಟಲೇ ಇಲ್ಲ. ಪಾಲಕ್ ಅದಕ್ಕೂ ಮೊದಲು, ಆಗಸ್ಟ್ ಮೊದಲ ವಾರವೇ ಹಾಕಿದ್ದೆ. ಒಂದು ಪೊಟ್ಟಣ ಪೂರ್ತಿ ಸುರಿದರೂ ಮೊಳೆತದ್ದು ನಾಲ್ಕೈದು ಗಿಡ. ಒಂದು ತಡವಾಯಿತು, ಒಂದು ಬೇಗ ಆಯಿತು ಅನ್ನಿಸುತ್ತದೆ. ಆದರೆ ಯಾವುದು ಯಾವಾಗ ಅನ್ನುವುದು ತಿಳಿಯುತ್ತಿಲ್ಲ.

ಈ ಸಲ ಇಷ್ಟು ಕಾಳಜಿ ಯಾಕೆಂದರೆ ಸೆಪ್ಟೆಂಬರ್ 27ಕ್ಕೆ ಅಮ್ಮ ಬರುತ್ತಿದ್ದಾರೆ. ಅಪ್ಪ ಹೋದ ಮೇಲೆ ಇದೇ ಮೊದಲ ಸಲ. ಊರಲ್ಲಿ ಬೆಳಗಾದರೆ ಹಿತ್ತಲಿಗೆ ಹೋಗಿ ಏನಾದರೂ ಕಿತ್ತು ತಂದೇ ಒಲೆ ಹಚ್ಚುವವರು ಅವರು. ಇಲ್ಲಿ ಆರು ತಿಂಗಳು ಗೋಡೆ ನೋಡಿಕೊಂಡು ಕೂರಬಾರದು. ನವಿಲುಕೋಸು, ಬೀನ್ಸ್, ಕ್ಯಾರೆಟ್, ಮೆಂತ್ಯ, ಕೊತ್ತಂಬರಿ, ಮೂಲಂಗಿ, ಸಾಧ್ಯವಾದರೆ ಅವರೆ. ಇಷ್ಟು ನನ್ನ ಆಸೆ. ದಯವಿಟ್ಟು ದಿನಾಂಕದ ಸಮೇತ ಹೇಳಿ.

ಹಿತ್ತಲ ಅಕ್ಕ
ಜುಲೈ 8

ನಾನು ಪ್ರಿನ್ಸ್‌ಟನ್ ಕಡೆಯವಳು. ನಮ್ಮಿಬ್ಬರದೂ ಹೆಚ್ಚುಕಡಿಮೆ ಒಂದೇ ಹವೆ. 14 ವರ್ಷದಿಂದ ಬೆಳೆಯುತ್ತಿದ್ದೇನೆ, ಮೊದಲ ಮೂರು ವರ್ಷ ನಿಮಗೆ ಆದದ್ದೇ ನನಗೂ ಆಗಿತ್ತು.

ಊರಲ್ಲಿ ನಾವು ಮಳೆ ನೋಡಿ ಬಿತ್ತುತ್ತೇವೆ, ಮುಂದಕ್ಕೆ ಎಣಿಸುತ್ತೇವೆ. ಇಲ್ಲಿ ಹಿಂದಕ್ಕೆ ಎಣಿಸಬೇಕು. ಮೊದಲ ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯ ಮೊದಲ ರಾತ್ರಿ, ಯಾವಾಗ? ನಮ್ಮ ಕಡೆ ಸಾಮಾನ್ಯವಾಗಿ ಅಕ್ಟೋಬರ್ ಮೂರನೇ ವಾರ. ಅಕ್ಟೋಬರ್ 20 ಅಂತಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೀಜದ ಪೊಟ್ಟಣದ ಹಿಂದೆ ಇಷ್ಟು ದಿನ ಅಂತ ಇರುತ್ತದಲ್ಲ, ಅದಕ್ಕೆ ಎರಡು ವಾರ ಸೇರಿಸಿ. ಆ ಲೆಕ್ಕ ವಸಂತಕಾಲದ್ದು, ಆಗ ದಿನ ಉದ್ದವಾಗುತ್ತಾ ಹೋಗುತ್ತದೆ. ಈಗ ಉಲ್ಟಾ. ಇವತ್ತು 15 ಗಂಟೆ ಬೆಳಕಿದೆ, ಸೆಪ್ಟೆಂಬರ್ 22ಕ್ಕೆ 12 ಗಂಟೆ. ಗಿಡ ಸೆಪ್ಟೆಂಬರ್ ಆದಮೇಲೆ ನಿಧಾನ ಮಾಡುತ್ತದೆ. ನವೆಂಬರ್ ಮಧ್ಯಕ್ಕೆ ಬೆಳಕು 10 ಗಂಟೆಗಿಂತ ಕಮ್ಮಿಯಾದಾಗ ಬೆಳೆಯುವುದೇ ನಿಂತುಹೋಗುತ್ತದೆ, ಸತ್ತಿರುವುದಿಲ್ಲ ಅಷ್ಟೇ.

ನಿಮ್ಮ ಹೂಕೋಸಿನದ್ದೇ ಲೆಕ್ಕ ಹಾಕೋಣ. ಬೀಜದಿಂದ ಸಸಿಯಾಗಲು 35 ದಿನ. ನಾಟಿ ಮಾಡಿದ ಮೇಲೆ 65 ದಿನ. ದಿನ ಕುಗ್ಗುವುದಕ್ಕೆ 14. ಒಟ್ಟು 114. ಅಕ್ಟೋಬರ್ 20ರಿಂದ ಹಿಂದಕ್ಕೆ ಹೋದರೆ ಜೂನ್ 28 ಬರುತ್ತದೆ. ಹೂಕೋಸು ತೆಳು ಫ್ರಾಸ್ಟ್ ತಡೆಯುತ್ತದೆ, ಹಾಗಾಗಿ ಇನ್ನೆರಡು ವಾರ ಸಡಿಲ ಬಿಡಬಹುದು. ನೀವು ಬಿತ್ತಿದ್ದು ಆಗಸ್ಟ್ 25ಕ್ಕೆ. ತಪ್ಪು ಗಿಡದ್ದಲ್ಲ, ಮಣ್ಣಿನದ್ದೂ ಅಲ್ಲ. ಈ ಸಲ ಬೀಜದ ಸಹವಾಸ ಬೇಡ, ಆಗಸ್ಟ್ ಮೊದಲ ವಾರ ನರ್ಸರಿಯಿಂದ ಆರು ಸಸಿ ತನ್ನಿ, ಸಾಕು.

ನವಿಲುಕೋಸು ಇದೇ ವಾರ ಟ್ರೇಯಲ್ಲಿ ಹಾಕಿ. ನೆರಳಲ್ಲಿಡಿ, ಮನೆಯ ಪೂರ್ವಕ್ಕೆ, ಬೆಳಗಿನ ಬಿಸಿಲು ಮಾತ್ರ ತಾಗುವ ಕಡೆ. ಆಗಸ್ಟ್ 10ರ ಸುಮಾರಿಗೆ ಬಟಾಣಿ ಇದ್ದ ಪಾತಿಯಲ್ಲಿ ನೆಡಿ. ಬಟಾಣಿಯ ಬೇರು ಕೀಳಬೇಡಿ, ಬುಡಕ್ಕೆ ಕತ್ತರಿಸಿ ಬಿಡಿ. ಅದರ ಗಂಟುಗಳಲ್ಲಿ ಸಾರಜನಕ ಇರುತ್ತದೆ, ಕೋಸಿನ ಜಾತಿಗೆ ಅದು ಬೇಕು. ಪೊಟ್ಟಣದಲ್ಲಿ 50 ದಿನ ಅಂತ ಇದ್ದರೆ ಅಕ್ಟೋಬರ್ ಎರಡನೇ ವಾರಕ್ಕೆ ಗಡ್ಡೆ ಸಿಗುತ್ತದೆ. ಅಮ್ಮ ಬಂದ ದಿನಕ್ಕೆ ಆಗುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಬಂದ ದಿನಕ್ಕೆ ಬೇಕೆಂದರೆ ಬೀನ್ಸ್, ಮೆಂತ್ಯ. ಗಿಡ್ಡ ಬೀನ್ಸನ್ನು ಜುಲೈ 25ರ ಹೊತ್ತಿಗೆ ಬೆಳ್ಳುಳ್ಳಿ ಪಾತಿಯಲ್ಲಿ ಬಿತ್ತಿ. ಸೆಪ್ಟೆಂಬರ್ 20ರಿಂದ ಕೀಳಲು ಸಿಗುತ್ತದೆ. ಆಗಸ್ಟ್ 1 ದಾಟಿಸಬೇಡಿ. ಬೀನ್ಸ್ ಒಂದೇ ಒಂದು ಫ್ರಾಸ್ಟಿಗೆ ಸಾಯುತ್ತದೆ. ಬೆಳ್ಳುಳ್ಳಿ ಒಂಬತ್ತು ತಿಂಗಳು ಅಲ್ಲಿದ್ದ ಸಾರ ಎಳೆದಿದೆ, ಒಂದಿಂಚು ಕಾಂಪೋಸ್ಟ್ ಹರಡಿ ಆಮೇಲೆ ಬಿತ್ತಿ.

ಕ್ಯಾರೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಎಲ್ಲರೂ ಸೋಲುವುದು ಅಲ್ಲೇ. ಜುಲೈ 20ರ ಸುಮಾರಿಗೆ ಬಿತ್ತಿ. ಬೀಜ ಮೊಳೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟೂ ದಿನ ಮೇಲಿನ ಕಾಲಿಂಚು ಮಣ್ಣು ಒಂದು ಮಧ್ಯಾಹ್ನ ಕೂಡ ಒಣಗಬಾರದು. ಜುಲೈ ಬಿಸಿಲಲ್ಲಿ ದಿನಕ್ಕೆ ಮೂರು ಸಲ ನೀರು ಹಾಕಿದರೂ ಆಗುವುದಿಲ್ಲ. ನಾನು ಮಾಡುವುದು ಹೀಗೆ. ಸಂಜೆ ಹೊತ್ತು ಬೆರಳಲ್ಲಿ ಸಾಲು ಗೀರಿ, ಸಾಲಿನೊಳಗೆ ನೀರು ತುಂಬಿಸುತ್ತೇನೆ. ಇಂಗಿದ ಮೇಲೆ ಇನ್ನೊಂದು ಸಲ. ಆಮೇಲೆ ಬೀಜ ಉದುರಿಸಿ, ಒಣ ಮಣ್ಣು ತೆಳ್ಳಗೆ ಮುಚ್ಚಿ, ಸಾಲಿನ ಮೇಲೆ ಒಂದು ಹಲಗೆ ಇಡುತ್ತೇನೆ. ಐದನೇ ದಿನದಿಂದ ದಿನಾ ಬೆಳಗ್ಗೆ ಹಲಗೆ ಎತ್ತಿ ನೋಡಬೇಕು. ಮೊದಲು ಎರೆಹುಳು, ಬಸವನಹುಳು ಸಿಗುತ್ತವೆ. ಒಂದು ಬೆಳಗ್ಗೆ ಮಣ್ಣಿನ ಮೇಲೆ ಬಿಳಿ ದಾರದ ತುಣುಕು ಬಿದ್ದ ಹಾಗೆ ಕಾಣುತ್ತದೆ, ತುದಿ ಇನ್ನೂ ಬಗ್ಗಿರುತ್ತದೆ. ಅವತ್ತೇ ಹಲಗೆ ತೆಗೆದುಬಿಡಿ. ಮಾರನೇ ದಿನಕ್ಕೆ ಬಿಟ್ಟರೆ ಮೊಳಕೆ ಹಳದಿಯಾಗಿ ಉದ್ದಕ್ಕೆ ಎಳೆದುಕೊಂಡು ಮಲಗುತ್ತದೆ.

ಪಾಲಕ್ ಬೀಜ ಮಣ್ಣು 85 ಡಿಗ್ರಿ ದಾಟಿದರೆ ಮೊಳೆಯುವುದೇ ಕಷ್ಟ. ಊರಿನ ಲೆಕ್ಕದಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್. ಲೆಟಿಸ್ ಕೂಡ ಹಾಗೇ. ಆಗಸ್ಟ್ ಕೊನೆಯವರೆಗೂ ತಡೆಯಿರಿ. ಆಗಲೂ ಸೆಕೆ ಇದ್ದರೆ ಬೀಜವನ್ನು ಒದ್ದೆ ಪೇಪರ್ ಟವಲ್‌ನಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಒಂದು ವಾರ ಇಡಿ. ಬೇರಿನ ಮೊನೆ ಕಂಡ ಮೇಲೆ ಬಿತ್ತಿ.

ಮೂಲಂಗಿಗೂ ಅವಸರ ಬೇಡ. ಬಿಸಿಲಲ್ಲಿ ಬೆಳೆದರೆ ಖಾರ, ಒಳಗೆ ಬೆಂಡು. ಉದ್ದನೆಯ ಬಿಳಿ ಮೂಲಂಗಿ ಆಗಸ್ಟ್ 10ಕ್ಕೆ, ಚಿಕ್ಕ ಕೆಂಪು ಮೂಲಂಗಿ ಸೆಪ್ಟೆಂಬರ್ ಮೊದಲಿಗೆ. ಮೆಂತ್ಯ ಅಡುಗೆಮನೆ ಡಬ್ಬದ್ದೇ ಸಾಕು. ಆಗಸ್ಟ್ 25ಕ್ಕೆ ಒಂದು ಸಲ, ಎರಡು ವಾರ ಬಿಟ್ಟು ಇನ್ನೊಂದು ಸಲ. ಕೊತ್ತಂಬರಿ ಈಗ ಹಾಕಿದರೆ ಬೇಗನೇ ಹೂವಿಗೆ ಓಡುತ್ತದೆ. ಮೆಂತ್ಯದ ಜೊತೆಗೇ ಹಾಕಿ. ಬೀಜವನ್ನು ನೆಲದ ಮೇಲೆ ಹರಡಿ ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ, ಊರಲ್ಲಿ ಮಾಡುವ ಹಾಗೇ.

ಕೊನೆಯದಾಗಿ, ನವಿಲುಕೋಸು, ಹೂಕೋಸು ನೆಟ್ಟ ದಿನವೇ ತೆಳು ನೆಟ್ ಮುಚ್ಚಿ. ಬಿಳಿ ಚಿಟ್ಟೆ ಚಂದ ಅಂತ ನೋಡುತ್ತಾ ನಿಂತರೆ ವಾರದಲ್ಲಿ ಎಲೆ ಜರಡಿಯಾಗಿರುತ್ತದೆ. ಅದರ ಹುಳ ಎಲೆಯ ನಡುನರದ ಹಸಿರೇ ಇರುತ್ತದೆ, ಅದೇ ನರದ ಉದ್ದಕ್ಕೆ ಅಂಟಿಕೊಂಡು ಮಲಗಿರುತ್ತದೆ. ಬೆರಳಲ್ಲಿ ಸವರಿದರೆ ಮಾತ್ರ ಗೊತ್ತಾಗುತ್ತದೆ.

ಅವರೆ ಬಗ್ಗೆ ಮಾಗಡಿಯವರು ಹೇಳಲಿ.

ಮಾಗಡಿ ಹೊಲ
ಜುಲೈ 9

ಕರೆದದ್ದಕ್ಕೆ ಥ್ಯಾಂಕ್ಸ್ ಅಕ್ಕಾ. ನಾನು ಇಲ್ಲೇ ಊರಲ್ಲಿರುವವನು. ಅಮೆರಿಕದ ಹವೆ ನನಗೆ ಗೊತ್ತಿಲ್ಲ, ಅವರೆ ಗೊತ್ತು.

ನಮ್ಮ ನಾಟಿ ಅವರೆ ಹಗಲು ಕಮ್ಮಿಯಾಗುವುದನ್ನು ಕಾಯುವ ಗಿಡ. ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ ಜುಲೈನಲ್ಲಿ ಬಿತ್ತುತ್ತೇವೆ. ರಾಗಿ ಕೊಯ್ಯುವವರೆಗೂ ಅದು ಸುಮ್ನೆ ಬಳ್ಳಿ ಬಿಟ್ಟುಕೊಂಡಿರುತ್ತದೆ. ಹೂವಾಗುವುದು ಅಕ್ಟೋಬರ್, ನವೆಂಬರ್. ಕಾಯಿ ಡಿಸೆಂಬರ್, ಜನವರಿ. ಇಬ್ಬನಿ ಬಿದ್ದ ಮೇಲೇ ಸೊಗಡು ಅನ್ನುತ್ತೇವೆ ನಾವು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಅಂದರೂ 13 ಗಂಟೆ ಮುಟ್ಟುವುದಿಲ್ಲ. ನಿಮಗೆ ಈಗಲೇ 15 ಗಂಟೆ. ನಾಟಿ ಬೀಜ ಹಾಕಿದರೆ ಬೇಲಿ ತುಂಬ ಬಳ್ಳಿ ಆಗುತ್ತದೆ, ಅದಕ್ಕೆ ಹಗಲು ಸಾಕಷ್ಟು ಕುಗ್ಗುವ ಹೊತ್ತಿಗೆ ನಿಮ್ಮ ಫ್ರಾಸ್ಟ್ ಬಂದಿರುತ್ತದೆ. ಹೂವು ನೋಡಿ ಸಂಕಟಪಡಬೇಕು.

ನಿಮಗೆ ಬೇಕಾಗಿರುವುದು ಹಗಲಿನ ಲೆಕ್ಕ ಇಡದ ಗಿಡ್ಡ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂಥವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಗಿಡ್ಡ. ಯಾವ ತಿಂಗಳು ಬಿತ್ತಿದರೂ ಒಂದೂವರೆ ತಿಂಗಳ ಸುಮಾರಿಗೆ ಹೂವು. ವರ್ಷವಿಡೀ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕಾಣುವುದು ಇಂಥ ತಳಿ ಬಂದ ಮೇಲೆ. ಆದರೆ ಮೇಡಂ, ಈ ವಾರ ಬಿತ್ತಿದರೆ ಉಂಟು. ಹಸಿಕಾಳು ತುಂಬಲು 80, 85 ದಿನ ಆಗಿಬಿಡುತ್ತದೆ.

ಇನ್ನೊಂದು ಮಾತು. ಅಮ್ಮನ ಸೂಟ್‌ಕೇಸಿನಲ್ಲಿ ಬಿತ್ತನೆ ಬೀಜ ತರಿಸಬೇಡಿ. ಬೇಕಾದ ಕಾಗದಪತ್ರ ಇಲ್ಲದೆ ಅದು ತಪ್ಪು, ಏರ್‌ಪೋರ್ಟಿನಲ್ಲಿ ವಯಸ್ಸಾದವರಿಗೆ ತೊಂದರೆ. ಅಲ್ಲೇ ಬೆಳೆದವರ ಹತ್ತಿರ ಕೇಳಿ.

ಹಿತ್ತಲ ಅಕ್ಕ
ಜುಲೈ 9

ಗಿಡ್ಡ ಅವರೆ ಬೀಜ ನನ್ನ ಹತ್ತಿರ ಇದೆ, ಹೋದ ವರ್ಷ ನನ್ನ ಗಿಡದಲ್ಲೇ ಬಲಿತದ್ದು. ತಳಿ ಹೆಸರು ಹೇಳಲಾರೆ, ಆದರೆ ಆಗಸ್ಟ್‌ನಲ್ಲೇ ಹೂವು ಬಿಡುವುದನ್ನು ನಾಲ್ಕು ವರ್ಷದಿಂದ ನೋಡಿದ್ದೇನೆ. ಅರ್ಧ ಗಂಟೆ ದಾರಿ ಅಲ್ವಾ, ಬಂದು ತೆಗೆದುಕೊಂಡು ಹೋಗಿ. ನಾಳೆ ಸಂಜೆಯಾದರೆ ಒಳ್ಳೆಯದು.

ರಾಲಿ ಕನ್ನಡಿಗ
ಜುಲೈ 11

ಉತ್ತರ ಕೆರೊಲಿನಾದಲ್ಲಿರುವವರು ಇದನ್ನು ಓದಿ ಇವತ್ತೇ ಬಿತ್ತಲು ಹೋಗಬೇಡಿ ಅಂತ ಬರೆಯುತ್ತಿದ್ದೇನೆ. ನಮಗೆ ಫ್ರಾಸ್ಟ್ ಬರುವುದು ಅಕ್ಟೋಬರ್ ಕೊನೆ, ಕೆಲವು ವರ್ಷ ನವೆಂಬರ್. ನಮ್ಮ ತೊಂದರೆ ಚಳಿ ಅಲ್ಲ, ಆಗಸ್ಟಿನ ಬಿಸಿಲು. ಕೋಸಿನ ಸಸಿಯನ್ನು ಆಗಸ್ಟ್ ಕೊನೆಗೆ ನೆಡುತ್ತೇನೆ. ಮೊದಲ ಎರಡು ವಾರ 40 ಪರ್ಸೆಂಟ್ ಬಿಸಿಲು ತಡೆಯುವ ಶೇಡ್ ಕ್ಲಾತ್ ಕಮಾನಿನ ಮೇಲೆ ಹೊದಿಸುತ್ತೇನೆ, ಪಶ್ಚಿಮದ ಕಡೆ ನೆಲದವರೆಗೂ ಇಳಿಬಿಡುತ್ತೇನೆ. ಮಧ್ಯಾಹ್ನ ಮೂರರ ಬಿಸಿಲೇ ಸಸಿ ಕೊಲ್ಲುವುದು. ಬುಡಕ್ಕೆ ಒಣಹುಲ್ಲು. ಕ್ಯಾರೆಟ್, ಬೀಟ್ರೂಟ್ ಆಗಸ್ಟ್ ಮಧ್ಯದವರೆಗೂ ಬಿತ್ತಬಹುದು, ಸೊಪ್ಪು ಸೆಪ್ಟೆಂಬರ್ ಪೂರ್ತಿ.

ಮಿನಿಯಾಪೊಲಿಸ್‌ನಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಅಕ್ಟೋಬರ್ ಮೊದಲಲ್ಲೇ ಫ್ರಾಸ್ಟ್. ಜುಲೈ ಮುಗಿಯುವುದರೊಳಗೆ ಅವಳ ಬಿತ್ತನೆ ಎಲ್ಲಾ ಮುಗಿದಿರುತ್ತದೆ, ಸೊಪ್ಪು ಬಿಟ್ಟು. ಒಂದೇ ದೇಶ, ಹತ್ತಿರ ಹತ್ತಿರ ಒಂದು ತಿಂಗಳ ವ್ಯತ್ಯಾಸ. ಅದಕ್ಕೆ ಇನ್ನೊಬ್ಬರ ತಾರೀಖು ತೆಗೆದುಕೊಳ್ಳಬೇಡಿ, ಅಕ್ಕ ಹೇಳಿದ ಲೆಕ್ಕ ತೆಗೆದುಕೊಳ್ಳಿ. ಇಂಟರ್‌ನೆಟ್‌ನಲ್ಲಿ ನಿಮ್ಮ ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಹಾಕಿದರೆ ಸರಾಸರಿ ಫ್ರಾಸ್ಟ್ ದಿನ ಸಿಗುತ್ತದೆ.

ಹಾಸನದವಳು
ಆಗಸ್ಟ್ 3

ಅಕ್ಕಾ, ಕ್ಯಾರೆಟ್ ಮೊಳೆಯಿತು! ಎಂಟನೇ ದಿನ. ನೀವು ಹೇಳಿದ್ದೇ ಸರಿ, ಬಿಳಿ ದಾರದ ಹಾಗೇ ಇತ್ತು. ಆಫೀಸಿಗೆ ಲೇಟಾದರೂ ನಿಂತು ಹಲಗೆ ತೆಗೆದೇ ಹೋದೆ. ಅವರೆ ಜುಲೈ 11ಕ್ಕೆ ಹಾಕಿದ್ದು, 18ರಲ್ಲಿ 15 ಬಂದಿವೆ. ಬೀನ್ಸ್ ಎರಡೆಲೆ ಬಿಟ್ಟಾಗ ಮೊಲ ಬಂದು ಒಂದು ಸಾಲು ಪೂರ್ತಿ ತಿಂದಿತು. ಕೋಳಿ ತಂತಿ ಕಟ್ಟಿ, ಆಗಸ್ಟ್ 1ಕ್ಕೆ ಮತ್ತೆ ಬಿತ್ತಿದ್ದೇನೆ. ತಡವಾಯಿತಾ?

ಹಿತ್ತಲ ಅಕ್ಕ
ಆಗಸ್ಟ್ 3

ಇಲ್ಲ. ಅಕ್ಟೋಬರ್ ಹತ್ತಿರ ಬಂದಾಗ ಹಳೇ ಬೆಡ್‌ಶೀಟ್ ಒಂದು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಫ್ರಾಸ್ಟ್ ಅಂತ ಹವಾಮಾನದವರು ಹೇಳಿದ ಸಂಜೆ ಬೀನ್ಸಿಗೆ ಹೊದಿಸಿ, ಬೆಳಗ್ಗೆ ತೆಗೆಯಿರಿ. ಮೊದಲ ಫ್ರಾಸ್ಟ್ ಆದ ಮೇಲೆ ಎಷ್ಟೋ ಸಲ ಎರಡು ವಾರ ಬೆಚ್ಚಗೇ ಇರುತ್ತದೆ.

ಹಾಸನದವಳು
ಅಕ್ಟೋಬರ್ 26

ಬಹಳ ದಿನ ಆಯಿತು, ಕ್ಷಮಿಸಿ. ಅಮ್ಮ ಬಂದಿದ್ದಾರೆ.

ಬಂದ ಮಾರನೇ ಬೆಳಗ್ಗೆ ನಾನು ಏಳುವಷ್ಟರಲ್ಲಿ ಹಾಸಿಗೆಯಲ್ಲಿ ಇರಲಿಲ್ಲ. ನೋಡಿದರೆ ನಮ್ಮ ಯಜಮಾನರ ಜಾಕೆಟ್ ಹಾಕಿಕೊಂಡು ಬೀನ್ಸ್ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿಯಲ್ಲಿ ಮೆಂತ್ಯಸೊಪ್ಪು ಕಟ್ಟಿಕೊಂಡಿದ್ದರು. ಬೀನ್ಸ್ ಇನ್ನೂ ಎಳೆಯದು, ಅವತ್ತು ಹತ್ತು ಹನ್ನೆರಡೇ ಸಿಕ್ಕಿದ್ದು. ಅಷ್ಟನ್ನೇ ಮೆಂತ್ಯದ ಜೊತೆ ಹಾಕಿ ಪಲ್ಯ ಮಾಡಿದರು. ಆಮೇಲೆ ವಾರಕ್ಕೆರಡು ಸಲ ಕಿತ್ತೆವು.

ಅವರೆ ಅಕ್ಟೋಬರ್ 4ಕ್ಕೆ ಮೊದಲ ಸಲ, 15ಕ್ಕೆ ಎರಡನೇ ಸಲ. ಎರಡೂ ಸೇರಿ ಒಂದು ಕೆಜಿ ಕಾಯಿ ಆಗಲಿಲ್ಲ. ಮೊದಲ ಕೊಯ್ಲಿನದನ್ನು ಅಮ್ಮ ಮೂಸಿ ನೋಡಿ, ಏನೂ ಇಲ್ಲ ಅಂದರು. ಎರಡನೇದು ಚಳಿ ಬಿದ್ದ ಮೇಲಿನದು. ಸುಲಿಯುವಾಗ ಬೆರಳಿಗೆ ಅಂಟು ಅಂಟಾಯಿತು. ಈ ಸಲ ಮಾತಾಡದೆ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಇತ್ತು, ಮಾಗಡಿಯವರೇ. ಸ್ವಲ್ಪವೇ ಆದರೂ ಇತ್ತು. ರಾತ್ರಿ ಕಾಳು ನೆನೆಹಾಕಿ, ಹಿತಕಿ, ಮಾರನೇ ದಿನ ಸಾರು ಮಾಡಿದೆವು. ನಾಲ್ಕು ಜನಕ್ಕೆ ಒಂದೊಂದು ಸೌಟು.

ನವಿಲುಕೋಸು ಹದಿನಾರು ನೆಟ್ಟಿದ್ದೆ. ನೆಟ್ ಮುಚ್ಚಿದ್ದರಿಂದ ಹುಳ ಬರಲಿಲ್ಲ. ಎರಡು ಗಡ್ಡೆ ಮಾತ್ರ ಸೀಳಿದವು, ಒಂದು ವಾರ ನೀರು ತಪ್ಪಿಸಿ ಆಮೇಲೆ ಜಾಸ್ತಿ ಹಾಕಿದ್ದೆ, ಅದಕ್ಕಿರಬೇಕು. ಅಪ್ಪನೂ ಇದನ್ನೇ ಬೆಳೆಯುತ್ತಿದ್ದರು. ಟೆನಿಸ್ ಚೆಂಡಿನಷ್ಟಾದಾಗಲೇ ಕೀಳಬೇಕು, ಬಿಟ್ಟರೆ ನಾರು ಅಂತ ಅಮ್ಮ ಅಪ್ಪನ ಮಾತನ್ನೇ ಹೇಳಿ ದಿನಾ ಒಂದೊಂದು ಕೀಳುತ್ತಿದ್ದಾರೆ. ಎಲೆಯನ್ನೂ ಬಿಸಾಡಲು ಬಿಡುವುದಿಲ್ಲ, ಬಸ್ಸಾರಿಗೆ ಹಾಕುತ್ತಾರೆ. ಹೂಕೋಸು ಆರರಲ್ಲಿ ನಾಲ್ಕು ಈಗ ಮುಷ್ಟಿ ಗಾತ್ರ ಇವೆ. ಹೂವಿಗೆ ಬಿಸಿಲು ತಾಗದ ಹಾಗೆ ಎಲೆ ಮಡಚಿ ಕ್ಲಿಪ್ ಹಾಕಿದ್ದೇನೆ. ಪಾಲಕ್ ಫ್ರಿಜ್‌ನಲ್ಲಿಟ್ಟೇ ಬಿತ್ತಿದೆ, ಈ ಸಲ ಒತ್ತೊತ್ತಾಗಿ ಬಂದಿದೆ.

ಫ್ರಾಸ್ಟ್ 22ರ ರಾತ್ರಿ ಬಂತು. ಬೆಳಗ್ಗೆ ಹುಲ್ಲೆಲ್ಲಾ ಉಪ್ಪು ಉದುರಿಸಿದ ಹಾಗೆ. ಅಮ್ಮ ಹಾಗೆ ನೋಡಿದ್ದು ಅದೇ ಮೊದಲು, ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಬೀನ್ಸಿಗೆ ಬೆಡ್‌ಶೀಟ್ ಹಾಕಿದ್ದೆ, ಉಳಿಯಿತು. ಅವರೆಗೆ ಸಾಲಲಿಲ್ಲ, ಕಪ್ಪಾಯಿತು. ಟೊಮೆಟೊ ಹಿಂದಿನ ಸಂಜೆಯೇ ಕಾಯಿ ಎಲ್ಲಾ ಬಿಡಿಸಿಕೊಂಡಿದ್ದೆವು. ಅದರ ಚಟ್ನಿ ಮೂರು ದಿನ ಆಯಿತು. ಕ್ಯಾರೆಟ್ ಅವತ್ತಿನಿಂದ ಇನ್ನೂ ಸಿಹಿ. ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ ಅಂತ ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಳು.

ಈಗ ಒಂದು ಪ್ರಶ್ನೆ. ಬೆಳ್ಳುಳ್ಳಿ ಊರುವ ಕಾಲ ಬಂದಿದೆ. ಹೋದ ವರ್ಷದ ಪಾತಿಯಲ್ಲಿ ಇನ್ನೂ ಕ್ಯಾರೆಟ್ ಇದೆ, ಬಟಾಣಿ ಪಾತಿಯಲ್ಲಿ ಹೂಕೋಸು. ಎಲ್ಲಿ ಹಾಕಲಿ ಅಕ್ಕಾ?

ಹಿತ್ತಲ ಅಕ್ಕ
ಅಕ್ಟೋಬರ್ 26

ಓದಿ ಕಣ್ಣು ತುಂಬಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಟೊಮೆಟೊ ಪಾತಿಯಲ್ಲಿ ಹಾಕಿ. ಹೇಗೂ ಅದೇ ಜಾಗದಲ್ಲಿ ಬೆಳ್ಳುಳ್ಳಿ ಮತ್ತೆ ಹಾಕುವುದು ಒಳ್ಳೆಯದಲ್ಲ. ಸತ್ತ ಗಿಡ ತೆಗೆದು, ಕಾಂಪೋಸ್ಟ್ ಕೊಟ್ಟು, ಎಸಳಿನ ಮೊನೆ ಮೇಲೆ ಬರುವ ಹಾಗೆ ಎರಡಿಂಚು ಆಳಕ್ಕೆ ಊರಿ. ಎಸಳಿಂದ ಎಸಳಿಗೆ ಆರಿಂಚು. ನವೆಂಬರ್ ಮೊದಲ ವಾರದೊಳಗೆ ಮುಗಿಸಿ, ಮೇಲೆ ಒಣಗಿದ ಎಲೆ ದಪ್ಪಗೆ ಮುಚ್ಚಿ. ಕ್ಯಾರೆಟ್ ಎಲ್ಲಾ ಒಟ್ಟಿಗೆ ಕೀಳಬೇಡಿ. ಅದರ ಮೇಲೂ ಒಂದಡಿ ಎಲೆ ಹಾಕಿದರೆ ಡಿಸೆಂಬರ್‌ನಲ್ಲೂ ಅಮ್ಮನಿಗೆ ಕೀಳಲು ಏನಾದರೂ ಇರುತ್ತದೆ.